ಇಂದಿನ ಧಮ್ಮ ಚಿಂತನೆ: ಸಂಬಳ ಮತ್ತು ಮೈತ್ರಿ



ಜಿಎನ್‌ಎಂ ಮುಗಿಸಿ ಕೆಲಸದಲ್ಲಿದ್ದ ನಾನು ಮಗು ಹುಟ್ಟಿದ ಮೇಲೆ ಪೋಸ್ಟ್ ಬೇಸಿಕ್ ಬಿಎಸ್ಸಿ ನರ್ಸಿಂಗ್ ಸೇರಿದೆ. 2 ವರ್ಷ ಹಗಲು ಕಾಲೇಜು, ವಾರಕ್ಕೆ 3 ರಾತ್ರಿ ಡ್ಯೂಟಿ. ಮನೆಯಲ್ಲಿ ಲಕ್ವ ಹೊಡೆದು ಮಲಗಿದ್ದ ಅತ್ತೆ.

ವಿನಯ ಪಿಟಕದ ಮಹಾವಗ್ಗದಲ್ಲಿ, ತನ್ನದೇ ಮಲಮೂತ್ರದಲ್ಲಿ ಬಿದ್ದಿದ್ದ ರೋಗಿ ಭಿಕ್ಖುವನ್ನು ಬುದ್ಧರು ಆನಂದರೊಡನೆ ತೊಳೆದು, ಎತ್ತಿ ಮಂಚದ ಮೇಲೆ ಮಲಗಿಸುತ್ತಾರೆ. ಅಲ್ಲೇ ಒಳ್ಳೆಯ ಶುಶ್ರೂಷಕರ 5 ಗುಣಗಳನ್ನೂ ಹೇಳುತ್ತಾರೆ. ಔಷಧ, ಪಥ್ಯ ತಿಳಿದಿರುವುದು, ಹೇಸಿಗೆಪಡದಿರುವುದು ನನಗೆ ಕಷ್ಟವಿರಲಿಲ್ಲ. ಒಂದು ಮಾತ್ರ ಕುಟುಕುತ್ತಿತ್ತು: ಲಾಭಕ್ಕಲ್ಲ, ಮೈತ್ರಿಯಿಂದ ಆರೈಕೆ ಮಾಡುವುದು. ನಾನು ಸಂಬಳಕ್ಕೆ ದುಡಿಯುವವಳು. ಡಿಗ್ರಿ ಬೇಕಾದದ್ದೂ ಸಂಬಳ ಏರಲೆಂದೇ, ಸುಳ್ಳೇಕೆ?

ಆದರೆ ನಾನು ಸೋತದ್ದು ವಾರ್ಡಿನಲ್ಲಲ್ಲ. ಅಲ್ಲಿ ಹತ್ತು ಸಲ ಕರೆದರೂ "ಏನಜ್ಜಿ?" ಎಂದು ನಗುತ್ತಿದ್ದೆ. ಪರೀಕ್ಷೆಯ ಹಿಂದಿನ ಬೆಳಿಗ್ಗೆ ಡ್ಯೂಟಿ ಮುಗಿಸಿ ಬಂದು, ಒದ್ದೆ ಬಟ್ಟೆ ಬದಲಿಸುವಾಗ ಅತ್ತೆಯನ್ನು ಒರಟಾಗಿ ಹೊರಳಿಸಿದೆ. ಅವರು ಅಳಲಿಲ್ಲ. ಆಡುವ ಒಂದೇ ಕೈಯಲ್ಲಿ ಮಂಚದ ಅಂಚು ಹಿಡಿದು, ನನಗೆ ಸುಲಭವಾಗಲೆಂದು ತಾವೇ ಹೊರಳಲು ನೋಡಿದರು.

ಸುಸ್ತು ಎನ್ನಬಹುದು. ಬಹಳ ದಿನ ಹಾಗೇ ಹೇಳಿಕೊಂಡೆ. ಆದರೆ ಆ ರಾತ್ರಿ ವಾರ್ಡಿನಲ್ಲೂ ಸುಸ್ತಾಗಿತ್ತಲ್ಲ? ಸಂಬಳವಿದ್ದಲ್ಲಿ ಸಿಕ್ಕ ಮೈತ್ರಿ ಮನೆಯ ಹೊಸ್ತಿಲಲ್ಲಿ ಎಲ್ಲಿ ಹೋಯಿತು?

ಮರುದಿನ ಪರೀಕ್ಷೆಗೆ ಹೊರಡುವ ಮುನ್ನ, ವಾರ್ಡಿನಲ್ಲಿ ಕೇಳುವಂತೆಯೇ ಕೇಳಿದೆ: "ಹೊರಳಿಸಲೇ, ಅಮ್ಮ?"