ಇನ್ನೊಬ್ಬರ ಮನೆಯನ್ನು ಕೊಳ್ಳುವಾಗ

ತಾವೇ ಇರಲು ಮನೆ ನೋಡುವವರು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸುತ್ತಾರೆ, ದೇವರಮನೆ ಯಾವ ದಿಕ್ಕಿಗಿದೆ ಎಂದು ಕೇಳುತ್ತಾರೆ, ಬಟ್ಟೆ ಒಣಹಾಕಲು ಜಾಗವಿದೆಯೇ ಎಂದು ಯುಟಿಲಿಟಿಗೆ ಇಣುಕುತ್ತಾರೆ. ಬಾಡಿಗೆಗೆ ಕೊಡಲೆಂದೇ ಕೊಳ್ಳುವವರು ಹಾಲಿನಲ್ಲಿ ನಿಂತಲ್ಲೇ ಮೊಬೈಲು ತೆಗೆದು ಭಾಗಾಕಾರ ಮಾಡುತ್ತಾರೆ. ಬೆಂಗಳೂರಿನ ಸರ್ಜಾಪುರ ರಸ್ತೆಯಲ್ಲೋ ಕನಕಪುರ ರಸ್ತೆಯಲ್ಲೋ ಭಾನುವಾರ ಬೆಳಿಗ್ಗೆ ಮಾದರಿ ಫ್ಲ್ಯಾಟ್ ತೋರಿಸುವ ಹುಡುಗರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಮೊದಲನೆಯವರಿಗೆ ಬಾಲ್ಕನಿ ತೋರಿಸುತ್ತಾರೆ, ಎರಡನೆಯವರಿಗೆ ಮೆಟ್ರೊ ನಕ್ಷೆ.

ಎರಡನೆಯವರನ್ನು ಹಣದಾಸೆಯವರೆಂದು ತಳ್ಳಿಬಿಡುವುದು ಸುಲಭ. ಆದರೆ ಅವರಲ್ಲಿ ಎಷ್ಟೋ ಮಂದಿ ಪಿಂಚಣಿಯಿಲ್ಲದ ಕೆಲಸದಲ್ಲಿರುವವರು. ವಯಸ್ಸಾದ ಮೇಲೆ ತಿಂಗಳಿಗಿಷ್ಟು ಎಂದು ಕೈಗೆ ಬರುವ ಏನಾದರೊಂದಿರಲಿ ಎಂದು ಹಂಬಲಿಸುವವರು. ಷೇರಿನ ಏರಿಳಿತ ಅವರ ನಿದ್ದೆ ಕೆಡಿಸುತ್ತದೆ, ಊರಿನ ತೋಟ ನೋಡಿಕೊಳ್ಳಲು ಆಳಿಲ್ಲ, ಸೈಟು ಕೊಂಡರೆ ಬೇಲಿ ಕಾಯಬೇಕು. ಉಳಿದದ್ದು ಫ್ಲ್ಯಾಟು. ಕೊಳ್ಳುವ ಮುನ್ನ ಅವರು ಅಳೆದು ತೂಗಿ ನೋಡಲೇಬೇಕು. ನನ್ನ ಕುತೂಹಲವೇನಿದ್ದರೂ ಅವರು ತೂಗುತ್ತಿರುವುದು ನಿಜಕ್ಕೂ ಏನನ್ನು ಎಂಬುದು.

ಗೋಡೆಯನ್ನಂತೂ ಅಲ್ಲ. ಸಾವಿರದ ಇನ್ನೂರು ಚದರಡಿ ಎಂದು ಬಾಯಲ್ಲಿ ಹೇಳುವ ಮನೆಯೊಳಗೆ ಚಾಪೆ ಹಾಸಬಹುದಾದ ಜಾಗ ಎಂಟುನೂರ ಐವತ್ತರ ಆಸುಪಾಸು ಇರುತ್ತದೆ. ಮಿಕ್ಕಿದ್ದು ಮೆಟ್ಟಿಲು, ಲಿಫ್ಟು, ಲಾಬಿ, ಕ್ಲಬ್‌ಹೌಸುಗಳಲ್ಲಿನ ಪಾಲು. 2016ರ ರೇರಾ ಕಾಯ್ದೆ ಬಂದ ಮೇಲೆ ಕಾರ್ಪೆಟ್ ಏರಿಯಾ ಹೇಳಿಯೇ ಮಾರಬೇಕು. ಆದರೂ ಮಾತುಕತೆ ಸೂಪರ್ ಬಿಲ್ಟ್‌ಅಪ್ಪಿನಿಂದಲೇ ಶುರುವಾಗುತ್ತದೆ. ಇನ್ನು ನೆಲ. ಪತ್ರದಲ್ಲಿ ನಮೂದಾಗಿರುವುದು ಅವಿಭಾಜ್ಯ ಪಾಲು, ಎಲ್ಲರೂ ಯುಡಿಎಸ್ ಎನ್ನುವುದು ಅದನ್ನೇ. ಅದು ನಿಮ್ಮದು ಹೌದು, ಆದರೆ ಯಾವ ಮೂಲೆಯದು ಎಂದು ಬೆರಳಿಟ್ಟು ತೋರಿಸಲಾಗದು. ಮಲ್ಲೇಶ್ವರ, ಜಯನಗರಗಳ ಹಳೆಯ ಮೂರಂತಸ್ತಿನ ಅಪಾರ್ಟ್‌ಮೆಂಟುಗಳಲ್ಲಿ ಈ ಪಾಲು ದೊಡ್ಡದು; ಇಪ್ಪತ್ತೈದು ಅಂತಸ್ತಿನ ಗೋಪುರದಲ್ಲಿ ನೂರಾರು ಮಂದಿ ಹಂಚಿಕೊಂಡು ಅದು ಚಿಕ್ಕದಾಗುತ್ತದೆ. ಕಟ್ಟಡ ವರ್ಷದಿಂದ ವರ್ಷಕ್ಕೆ ಮುದಿಯಾಗುತ್ತದೆ, ಬೆಲೆ ಉಳಿಸಿಕೊಳ್ಳುವುದು ಈ ಕಣ್ಣಿಗೆ ಕಾಣದ ನೆಲ. ಖಾತೆ, ಇಸಿ ಎನ್ನುವ ಋಣಭಾರ ಪತ್ರ, ಓಸಿ ಎನ್ನುವ ವಾಸದ ಅನುಮತಿ ಪತ್ರ ಇವೆಲ್ಲ ನೋಡಲೇಬೇಕಾದವು. ಓಸಿ ಇಲ್ಲದ ಕಟ್ಟಡಕ್ಕೆ ನೀರು, ವಿದ್ಯುತ್ ಸಂಪರ್ಕ ಕೊಡಬಾರದೆಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಈ ಕಾಗದಪತ್ರಗಳಲ್ಲಿ ತತ್ವಜ್ಞಾನಕ್ಕೆ ಜಾಗವಿಲ್ಲ, ಒಳ್ಳೆಯ ವಕೀಲರಿದ್ದರೆ ಸಾಕು.

ಒಂದು ಲೆಕ್ಕ ಹಾಕೋಣ. ಅಂಕಿಗಳು ನಾನಿಟ್ಟುಕೊಂಡವು, ಆದರೆ ಈ ಊರಿಗೆ ದೂರದವಲ್ಲ. ಫ್ಲ್ಯಾಟಿನ ಬೆಲೆ 90 ಲಕ್ಷ. ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ಸು, 2025ರ ಆಗಸ್ಟ್ ಕೊನೆಗೆ ಶೇ. 1ರಿಂದ 2ಕ್ಕೇರಿದ ನೋಂದಣಿ ಶುಲ್ಕ ಎಲ್ಲ ಸೇರಿ ಇನ್ನೊಂದು ಏಳು ಲಕ್ಷ. ಮೇಂಟೆನೆನ್ಸೂ ಸೇರಿದಂತೆ ಬಾಡಿಗೆ 30,000. ವರ್ಷಕ್ಕೆ 3.6 ಲಕ್ಷ, ನೂರಕ್ಕೆ ನಾಲ್ಕು. ಬ್ರೋಕರು ಇಲ್ಲಿಗೇ ನಿಲ್ಲಿಸುತ್ತಾನೆ. ನಾವು ಮುಂದುವರಿಸೋಣ: ವರ್ಷದಲ್ಲೊಂದು ತಿಂಗಳು ಖಾಲಿ ಬಿದ್ದಿತೆನ್ನಿ, ಚದರಡಿಗೆ ನಾಲ್ಕು ರೂಪಾಯಿಯಂತೆ ಮೇಂಟೆನೆನ್ಸು, ಆಸ್ತಿ ತೆರಿಗೆ, ಗೀಸರು ಕೆಟ್ಟದ್ದು, ಬಾತ್‌ರೂಮಿನಿಂದ ಕೆಳಗಿನವರ ಸೀಲಿಂಗಿಗೆ ನೀರು ಇಳಿದದ್ದು, ಎರಡು ವರ್ಷಕ್ಕೊಮ್ಮೆ ಬ್ರೋಕರಿಗೆ ಒಂದು ತಿಂಗಳ ಬಾಡಿಗೆ. ಎಲ್ಲ ಕಳೆದರೆ ಕೈಯಲ್ಲಿ ಉಳಿಯುವುದು 2.35 ಲಕ್ಷದ ಹತ್ತಿರ. ಹಾಕಿದ 97 ಲಕ್ಷಕ್ಕೆ ನೂರಕ್ಕೆ ಎರಡೂವರೆಯೂ ಇಲ್ಲ. 72 ಲಕ್ಷ ಸಾಲವನ್ನು ಎಂಟೂವರೆ ಬಡ್ಡಿಗೆ ತಂದಿದ್ದರೆ ಮೊದಲ ವರ್ಷದ ಬಡ್ಡಿಯೇ ಆರು ಲಕ್ಷ ದಾಟುತ್ತದೆ. ಖರ್ಚು ಕಳೆದು ಉಳಿದ ಬಾಡಿಗೆ ಅದರ ಅರ್ಧಕ್ಕೂ ಸಾಲದು.

ಈ ಲೆಕ್ಕ ಯಾರಿಗೂ ಗೊತ್ತಿಲ್ಲದ್ದಲ್ಲ. ಗೊತ್ತಿದ್ದೂ ಕೊಳ್ಳುತ್ತಾರೆಂದರೆ ಅವರು ಬಾಡಿಗೆಗಾಗಿ ಕೊಳ್ಳುತ್ತಿಲ್ಲ ಎಂದೇ ಅರ್ಥ. ಹತ್ತು ಹನ್ನೆರಡು ವರ್ಷದ ಮೇಲೆ ಇದೇ ಮನೆಯನ್ನು ಎರಡು ಪಾಲು ಬೆಲೆಗೆ ಕೊಳ್ಳಲು ಬರುವ ಇನ್ನೊಬ್ಬರಿಗಾಗಿ ಕಾಯಲು ಕೊಳ್ಳುತ್ತಿದ್ದಾರೆ. ನಡುವಿನ ಕಾಲದಲ್ಲಿ ಮನೆ ಪಾಳು ಬೀಳದಂತೆ ದೀಪ ಹಚ್ಚಿಕೊಂಡು ಇರುವ, ಇದ್ದದ್ದಕ್ಕೆ ತಾನೇ ಹಣವನ್ನೂ ಕೊಡುವ ಕಾವಲುಗಾರ: ಲೆಕ್ಕದೊಳಗೆ ಬಾಡಿಗೆದಾರನಿಗೆ ಇರುವ ಜಾಗ ಇಷ್ಟೇ. ಮನೆಯಲ್ಲಿ ಹಾಲುಕ್ಕಿಸಿದವನು ಅವನು, ಮಗುವಿನ ಎತ್ತರವನ್ನು ಬಾಗಿಲ ಚೌಕಟ್ಟಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದವನು ಅವನು. ಹೂಡಿಕೆಯ ಕಾಗದದಲ್ಲಿ ಅವನು ಕಾಯುವ ಖರ್ಚನ್ನು ತಗ್ಗಿಸುವ ಒಂದು ಸಾಲು.

ಆ ಎರಡು ಪಾಲು ಬೆಲೆಯನ್ನಾದರೂ ಹುಟ್ಟಿಸಿದವರು ಯಾರು? ನೇರಳೆ ಮಾರ್ಗದ ಮೆಟ್ರೊ 2023ರ ಅಕ್ಟೋಬರಿನಲ್ಲಿ ಅಡೆತಡೆಯಿಲ್ಲದೆ ವೈಟ್‌ಫೀಲ್ಡ್ ಮುಟ್ಟಿತು, ಹಳದಿ ಮಾರ್ಗ 2025ರ ಆಗಸ್ಟಿನಲ್ಲಿ ಬೊಮ್ಮಸಂದ್ರಕ್ಕೆ ಹೊರಟಿತು. ನೂರು ಕಿಲೋಮೀಟರಿನಾಚೆಯಿಂದ ದಿನಕ್ಕೆ 775 ದಶಲಕ್ಷ ಲೀಟರ್ ನೀರನ್ನು ಎತ್ತಿ ತರುವ ಕಾವೇರಿ ಐದನೇ ಹಂತ 2024ರ ಅಕ್ಟೋಬರಿನಲ್ಲಿ ನಗರದಂಚಿನ 110 ಹಳ್ಳಿಗಳಿಗಾಗಿ ಉದ್ಘಾಟನೆಯಾಯಿತು. ಇದಕ್ಕೆಲ್ಲ ದುಡ್ಡು ಕೊಟ್ಟವರಲ್ಲಿ ಬಾಡಿಗೆದಾರರೂ ಇದ್ದಾರೆ, ಈ ಊರನ್ನು ಎಂದೂ ನೋಡದವರೂ ಇದ್ದಾರೆ. ಅಮೆರಿಕದ ಹೆನ್ರಿ ಜಾರ್ಜ್ 1879ರಲ್ಲಿ 'ಪ್ರಾಗ್ರೆಸ್ ಅಂಡ್ ಪಾವರ್ಟಿ' ಬರೆದದ್ದೇ ಈ ತೊಡಕಿನ ಮೇಲೆ. ನೆಲದ ಬೆಲೆಯನ್ನು ಬೆಳೆಸುವುದು ಸಮುದಾಯ, ಜೇಬಿಗಿಳಿಸುವುದು ಒಡೆಯ, ಆದ್ದರಿಂದ ತೆರಿಗೆ ಆ ಬೆಲೆಯ ಮೇಲೇ ಬೀಳಲಿ ಎಂದು ಆತ ವಾದಿಸಿದ. ಅವನ ಮದ್ದು ಎಲ್ಲಿಯೂ ಪೂರ್ತಿ ಪ್ರಯೋಗವಾಗಲಿಲ್ಲ. ರೋಗಲಕ್ಷಣವನ್ನು ಅವನು ಸರಿಯಾಗಿಯೇ ಹಿಡಿದಿದ್ದ ಎನ್ನಲು ಮೆಟ್ರೊ ಕಂಬ ಏಳುವ ಮೊದಲೇ ಏರುವ ರೇಟು ನೋಡಿದರೆ ಸಾಕು.

ನಮ್ಮ ನಾಡಿಗೆ ಇದು ಹೊಸ ಪ್ರಶ್ನೆಯೇನಲ್ಲ. ಒಂದೂವರೆ ತಲೆಮಾರಿನ ಹಿಂದೆ ಇಲ್ಲಿನ ದೊಡ್ಡ ಜಗಳವೆಲ್ಲ ಗೇಣಿಯದೇ. ಕರಾವಳಿಯಲ್ಲಿ ಮೂಲಗೇಣಿ, ಚಾಲಗೇಣಿ ಎಂದು ಎರಡಿದ್ದವು. ಮೂಲಗೇಣಿಯವನನ್ನು ನೆಲದಿಂದ ಕದಲಿಸುವುದು ಕಷ್ಟ, ಚಾಲಗೇಣಿಯವನು ಒಡೆಯನ ಮರ್ಜಿಯಲ್ಲಿದ್ದವನು. ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿದಾರರು ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಯ ಮುಂದೆ ನಿಂತರು. ಉಳುವವನೇ ಹೊಲದೊಡೆಯನಾದ. ಗೇಣಿಯನ್ನೇ ನಂಬಿಕೊಂಡಿದ್ದ ವಿಧವೆಯರು, ಸಣ್ಣ ಒಡೆಯರು ಬರಿಗೈಯಾದದ್ದೂ ಆ ಕತೆಯೊಳಗೇ ಇದೆ. ಇಂದು ಫ್ಲ್ಯಾಟ್ ಕೊಂಡು ಬಾಡಿಗೆಗೆ ಬಿಡುವವರಲ್ಲಿ ಅಂದು ಫಾರಂ ನಂಬರ್ 7 ತುಂಬಿದವರ ಮೊಮ್ಮಕ್ಕಳೂ ಇದ್ದಾರೆ, ಅದರಿಂದ ನೆಲ ಕಳೆದುಕೊಂಡವರ ಮೊಮ್ಮಕ್ಕಳೂ ಇದ್ದಾರೆ. ಎರಡೂ ಕಡೆಯವರು ಈಗ ಒಂದೇ ಬಗೆಯ ಕರಾರಿಗೆ ಸಹಿ ಹಾಕಿಸಿಕೊಳ್ಳುತ್ತಾರೆ: ಹನ್ನೊಂದು ತಿಂಗಳು. ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುವುದರಿಂದ ಒಂದು ತಿಂಗಳು ಕಡಿಮೆ. ಚಾಲಗೇಣಿ ಹಳ್ಳಿ ಬಿಟ್ಟು ಹದಿನಾಲ್ಕನೇ ಮಹಡಿಗೆ ಬಂದಿದೆ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಉಳುವವನ ಪರವಾಗಿ ಕೇಳಿದ ಘೋಷಣೆ ಇರುವವನ ಪರವಾಗಿ ಯಾಕೆ ಕೇಳಲಿಲ್ಲವೋ!

ಆದರೆ ಹೋಲಿಕೆಯನ್ನು ಇನ್ನೂ ಎಳೆದರೆ ಹರಿಯುತ್ತದೆ. ಫ್ಲ್ಯಾಟಿನ ಒಡೆಯ ಜಮೀನ್ದಾರನಲ್ಲ, ಇಎಂಐ ಕಟ್ಟುವ ಸಂಬಳಗಾರ. ಅದಕ್ಕಿಂತ ವಿಚಿತ್ರವೆಂದರೆ ಬೆಂಗಳೂರಿನಲ್ಲಿ ಎಷ್ಟೋ ಸಲ ಅವನೇ ಬಾಡಿಗೆದಾರ. ಕನಕಪುರ ರಸ್ತೆಯಲ್ಲಿ ಫ್ಲ್ಯಾಟ್ ಕೊಂಡಿರುತ್ತಾನೆ, ಕೆಲಸ ವೈಟ್‌ಫೀಲ್ಡಿನಲ್ಲಿ, ಮಕ್ಕಳ ಸ್ಕೂಲು ಅಲ್ಲೇ. ಸ್ವಂತ ಮನೆ ಬಾಡಿಗೆಗೆ ಬಿಟ್ಟು ತಾನು ಬಾಡಿಗೆಗಿರುತ್ತಾನೆ. 2020ರಲ್ಲಿ ಐಟಿಯವರು ಊರು ಸೇರಿಕೊಂಡು ಹೊರವರ್ತುಲ ರಸ್ತೆಯ ಗೇಟುಗಳಲ್ಲಿ ಟು-ಲೆಟ್ ಬೋರ್ಡುಗಳು ನೇತುಬಿದ್ದಾಗ ಅವನು ಒಂದು ಕಡೆ ಬಾಡಿಗೆ ಇಳಿಸಿ ಎಂದು ಗೋಗರೆದ, ಇನ್ನೊಂದು ಕಡೆ ಇಳಿಸಿ ಕೊಟ್ಟ. ಆಫೀಸುಗಳು ಮತ್ತೆ ಕರೆದು, 2022–23ರಲ್ಲಿ ಬಾಡಿಗೆ ಹುಚ್ಚೆದ್ದು ಏರಿದಾಗ ಇಲ್ಲಿ ಬೈದುಕೊಂಡ, ಅಲ್ಲಿ ಮಾರ್ಕೆಟ್ ರೇಟ್ ಅಲ್ವಾ ಸಾರ್ ಎಂದ. ಎರಡೂ ಮಾತು ಅವನಿಗೆ ನಿಜವೇ ಆಗಿದ್ದವು. ಆಸ್ತಿಯ ಬಗ್ಗೆ ನಾವಾಡುವ ನ್ಯಾಯದ ಮಾತುಗಳು ಎಷ್ಟರಮಟ್ಟಿಗೆ ನಾವು ಮೇಜಿನ ಯಾವ ಕಡೆ ಕೂತಿದ್ದೇವೆ ಎಂಬುದನ್ನು ನೆಚ್ಚಿಕೊಂಡಿವೆ ಎನ್ನುವುದಕ್ಕೆ ಇವನಿಗಿಂತ ಒಳ್ಳೆಯ ಪುರಾವೆ ಸಿಗಲಾರದು.

ಅಡ್ವಾನ್ಸಿನ ವಿಷಯವನ್ನೇ ನೋಡಿ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಇಸಿದುಕೊಳ್ಳುವುದು ಈ ಊರಿನ ಹಳೆಯ ರೂಢಿ. ಈಗ ಚೌಕಾಸಿಯಲ್ಲಿ ಐದಾರಕ್ಕೆ ಇಳಿಯುವುದುಂಟು. 2021ರ ಕೇಂದ್ರದ ಮಾದರಿ ಬಾಡಿಗೆ ಕಾನೂನು ವಾಸದ ಮನೆಗೆ ಎರಡೇ ತಿಂಗಳು ಸಾಕೆನ್ನುತ್ತದೆ. ಹತ್ತು ತಿಂಗಳ ರೂಢಿಯೆಂದರೆ ಮನೆ ಕೊಳ್ಳಲಾಗದವನು ಮನೆ ಇರುವವನಿಗೆ ಬಡ್ಡಿಯಿಲ್ಲದೆ ಮೂರು ಲಕ್ಷ ಸಾಲ ಕೊಟ್ಟಿರುತ್ತಾನೆ. ಭೋಗ್ಯದಲ್ಲಿ ಇದು ಇನ್ನೂ ಮುಂದೆ ಹೋಗುತ್ತದೆ. ಹತ್ತೋ ಇಪ್ಪತ್ತೋ ಲಕ್ಷ ಒಟ್ಟಿಗೆ ಕೊಟ್ಟು ಬಾಡಿಗೆಯಿಲ್ಲದೆ ಇರುವುದು. ಒಡೆಯ ಬ್ಯಾಂಕಿನ ಕಂತು ತಪ್ಪಿಸಿ ಮನೆ ಹರಾಜಿಗೆ ಬಂದರೆ ಬೀದಿಗೆ ಬೀಳುವುದು ಭೋಗ್ಯದವನ ಉಳಿತಾಯ. ಫ್ಲ್ಯಾಟಿನ ಬೆಲೆ ಕಟ್ಟುವಾಗ ಬಾಡಿಗೆದಾರ ನಂಬಿಗಸ್ತನೋ ಅಲ್ಲವೋ ಎಂದು ನೂರು ಸಲ ಯೋಚಿಸುತ್ತೇವೆ. ಅವನೂ ನಮ್ಮ ಬಗ್ಗೆ ಅದನ್ನೇ ಯೋಚಿಸಲು ದಾರಿ ಯಾವುದೂ ಇಲ್ಲ.

ನಂಬಿಗಸ್ತರನ್ನು ಆರಿಸುವ ಹೆಸರಿನಲ್ಲಿ ನಡೆಯುವುದೂ ಎಲ್ಲರಿಗೂ ಗೊತ್ತು. ಫ್ಯಾಮಿಲಿಗೆ ಮಾತ್ರ, ಸಸ್ಯಾಹಾರಿಗಳಿಗೆ ಮಾತ್ರ ಎಂದು ಹೇಳಿಕೊಳ್ಳುವವರು ಹೇಳಿಕೊಳ್ಳುತ್ತಾರೆ. ಹೇಳದವರು ಹೆಸರು ಕೇಳಿದ ಮೇಲೆ ಮನೆ ಈಗಷ್ಟೇ ಹೋಯಿತು ಎನ್ನುತ್ತಾರೆ. ಒಡೆಯ ಮುಂದಿನ ಮನೆಯಲ್ಲೂ ಬಾಡಿಗೆಯವರು ಹಿಂದಿನ ಸಾಲಿನಲ್ಲೂ ಇದ್ದ ಹಳೆಯ ವಠಾರಗಳಲ್ಲಿ ಇದಕ್ಕಿಂತ ಕಠೋರ ಕಟ್ಟಳೆಗಳಿದ್ದವು, ನಲ್ಲಿಯ ಕೀಲಿ ಕೂಡ ಮನೆಯೊಡತಿಯ ಸೆರಗಿನಲ್ಲಿರುತ್ತಿತ್ತು. ವಠಾರಕ್ಕಾಗಿ ನಿಟ್ಟುಸಿರಿಡುವವನು ನಾನಲ್ಲ. ಒಂದು ವ್ಯತ್ಯಾಸ ಮಾತ್ರ ಇತ್ತು. ಆ ಒಡೆಯನ ಮನೆ ನಡೆಯುತ್ತಿದ್ದದ್ದು ಬಾಡಿಗೆಯಿಂದ, ಮುಂದಿನ ಮಾರಾಟದಿಂದಲ್ಲ. ಹೆಂಚು ಒಡೆದರೆ ಅವನಿಗೂ ತಿಳಿಯುತ್ತಿತ್ತು. ನ್ಯೂಜೆರ್ಸಿಯಲ್ಲಿದ್ದು ಬೆಳ್ಳಂದೂರಿನಲ್ಲಿ ಎರಡು ಫ್ಲ್ಯಾಟ್ ಇಟ್ಟವನಿಗೆ ಒಡೆದದ್ದು ವಾಟ್ಸಾಪಿನಲ್ಲಿ ಬರುವ ಒಂದು ಫೋಟೊ.

ಹಾಗಾಗಿ ಬಾಡಿಗೆಗೆಂದು ಮನೆ ನೋಡುವವರಿಗೆ ನನ್ನ ಮನಸ್ಸಿನಲ್ಲಿ ಒಂದೇ ಪರೀಕ್ಷೆಯಿದೆ: ಇದನ್ನು ಇಪ್ಪತ್ತು ವರ್ಷ ಮಾರುವಂತಿಲ್ಲ ಎಂದರೆ ಆಗಲೂ ಕೊಳ್ಳುತ್ತೀರಾ? ಉತ್ತರ ಹೌದೆಂದಾದರೆ ನೋಡುವ ಕಣ್ಣೇ ಬದಲಾಗುತ್ತದೆ. ಮೆಟ್ರೊ ನಕ್ಷೆ ಮಡಚಿಟ್ಟು, ಹಳೆಯ ಕೆರೆ ಕಾಲುವೆಗಳನ್ನು ಹುಡುಕಲು ಗ್ರಾಮನಕ್ಷೆ ಬಿಡಿಸುತ್ತೀರಿ. ಧರ್ಮಾಂಬುಧಿ ಕೆರೆ ಬಸ್‌ಸ್ಟ್ಯಾಂಡಾದ, ಸಂಪಂಗಿ ಕೆರೆ ಕ್ರೀಡಾಂಗಣವಾದ ಊರಿದು. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಬಡಾವಣೆಗಳಿಗೆ ದೋಣಿ, ಟ್ರ್ಯಾಕ್ಟರು ಬಂದಾಗ ನೀರು ತನ್ನ ಹಳೆಯ ರಾಜಕಾಲುವೆಯನ್ನೇ ಹುಡುಕಿಕೊಂಡು ಹೊರಟಿತ್ತು. 2024ರ ಮಾರ್ಚಿನಲ್ಲಿ ಬೋರ್‌ವೆಲ್ಲುಗಳು ಬತ್ತಿ ಟ್ಯಾಂಕರಿನ ದರವನ್ನು ಸರ್ಕಾರವೇ ಗೊತ್ತುಮಾಡಬೇಕಾಯಿತು. ಇಪ್ಪತ್ತು ವರ್ಷ ಬಾಡಿಗೆಯನ್ನೇ ನಂಬುವವರಿಗೆ ಇದು ಪತ್ರಿಕೆಯ ಸುದ್ದಿಯಲ್ಲ, ಮನೆ ಯಾವ ಬೇಸಿಗೆಯಲ್ಲಿ ಖಾಲಿಯಾಗುತ್ತದೆ ಎಂಬ ಮುನ್ಸೂಚನೆ. ಬಾಡಿಗೆದಾರ ಕೇಳುವ ಪ್ರಶ್ನೆಗಳೇ ಆಗ ಕೊಳ್ಳುವವರ ಪ್ರಶ್ನೆಗಳಾಗುತ್ತವೆ. ಒಂದು ತಿಂಗಳು ಖಾಲಿಯಿದ್ದರೆ ವರ್ಷದ ಬಾಡಿಗೆಯಲ್ಲಿ ನೂರಕ್ಕೆ ಎಂಟರಷ್ಟು ಹೋಯಿತು. ಕರಾರಿನಲ್ಲಿ ಬರೆಸುವ ಹೆಚ್ಚಳ ಸಾಮಾನ್ಯವಾಗಿ ಐದು. ಇರುವವರನ್ನು ಇನ್ನೂ ಎರಡು ವರ್ಷ ಇರಿ ಎನ್ನುವುದು ದೊಡ್ಡ ಮನಸ್ಸಿನ ಮಾತಾಗಬೇಕಿಲ್ಲ, ಬರಿಯ ಕಳೆಯುವ ಲೆಕ್ಕ.

ಉತ್ತರ ಇಲ್ಲವೆಂದಾದರೆ ಅದರಲ್ಲಿ ನಾಚಿಕೆಪಡುವಂಥದ್ದಿಲ್ಲ. ಆಗ ಕೊಳ್ಳುತ್ತಿರುವುದು ಮನೆಯಲ್ಲ, ಊರಿನ ಮುಂದಿನ ಬೆಳವಣಿಗೆಯ ಮೇಲಿನ ಒಂದು ಪಂದ್ಯ ಎಂದು ತಮ್ಮೊಳಗಾದರೂ ಒಪ್ಪಿಕೊಂಡರೆ, ಆ ಪಂದ್ಯದ ಖರ್ಚನ್ನು ಬಾಡಿಗೆದಾರನಿಂದ ಎಷ್ಟು ವಸೂಲು ಮಾಡುವುದು ಸರಿ ಎಂಬ ಪ್ರಶ್ನೆ ಎದುರಾಗುತ್ತದೆ. ಅದಕ್ಕೆ ನನ್ನಲ್ಲಿ ಸಿದ್ಧ ಉತ್ತರವಿಲ್ಲ.

ಎರಡರಲ್ಲಿ ಯಾವುದೇ ಆಗಲಿ, ಫ್ಲ್ಯಾಟ್ ನೋಡಲು ಬೇಸಿಗೆಯಲ್ಲಿ ಹೋಗುವುದು ಒಳ್ಳೆಯದು, ಬ್ರೋಕರನ್ನು ಬಿಟ್ಟು ಹೋಗುವುದು ಇನ್ನೂ ಒಳ್ಳೆಯದು. ಪಕ್ಕದ ಬಾಗಿಲು ತಟ್ಟಿ, ಅಲ್ಲಿರುವವರು ಬಾಡಿಗೆಯವರಾದರೆ, ದಿನಕ್ಕೆ ಎಷ್ಟು ಟ್ಯಾಂಕರ್ ಬರುತ್ತದೆ, ಕರೆಂಟು ಹೋದರೆ ಲಿಫ್ಟು ನಡೆಯುತ್ತದೆಯೇ, ಅಸೋಸಿಯೇಷನ್ನಿನ ಮೀಟಿಂಗಿನಲ್ಲಿ ಬಾಡಿಗೆಯವರ ಮಾತು ಕೇಳುತ್ತಾರೆಯೇ ಎಂದು ವಿಚಾರಿಸಿ. ನೀವು ಕೊಳ್ಳಲಿರುವ ಮನೆಯಲ್ಲಿ ಹಿಂದೆ ಇದ್ದವರು ಯಾಕೆ ಬಿಟ್ಟರು, ಅವರ ಅಡ್ವಾನ್ಸು ಪೂರ್ತಿ ವಾಪಸ್ಸು ಬಂತೇ ಎಂದೂ ಕೇಳಿ. ಅದು ಪಕ್ಕದವರಿಗೆ ಗೊತ್ತಿಲ್ಲದಿದ್ದರೆ ಬಿಟ್ಟುಹೋದವರನ್ನೇ ಕೇಳಬೇಕು. ಅವರ ನಂಬರು ಮಾರುವವರ ಫೋನಿನಲ್ಲಿ ಇದ್ದೇ ಇರುತ್ತದೆ. ಕೊಡುತ್ತಾರೋ ಇಲ್ಲವೋ ನೋಡಿ.