ಕಾಫಿಯ ತ್ಯಾಗವೂ ಮೂತ್ರಪಿಂಡದ ಭಯವೂ

ವ್ರತಕ್ಕೆ ಭಯವು ಆಧಾರವಾಗಬಹುದೇ? ಪರ್ವದಿನಗಳಲ್ಲಿ ಕಾಫಿಯನ್ನು ತ್ಯಜಿಸುವ ಶ್ರಾವಕರಲ್ಲಿ ಕೆಲವರು, ಅದು ಮೂತ್ರಪಿಂಡಗಳನ್ನು ಕೆಡಿಸುವುದೆಂದು ಕಾರಣ ಹೇಳುವರು. ಆದರೆ ಆರೋಗ್ಯವಂತನು ಮಿತವಾಗಿ ಸೇವಿಸುವ ಕಾಫಿಯಿಂದ ಮೂತ್ರಪಿಂಡಗಳು ಕೆಡುವುವೆಂಬುದಕ್ಕೆ ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ. ಕೆಫೀನು ರಕ್ತದೊತ್ತಡವನ್ನು ಸ್ವಲ್ಪ ಹೊತ್ತು ಏರಿಸುವುದರಿಂದ, ರಕ್ತದೊತ್ತಡವುಳ್ಳವರೂ ಮೂತ್ರಪಿಂಡದ ರೋಗಿಗಳೂ ವೈದ್ಯರ ಸಲಹೆಯಂತೆ ನಡೆಯತಕ್ಕದ್ದು. ಭಯದಿಂದ ಬಿಟ್ಟವನಾದರೋ ಭಯ ನೀಗಿದೊಡನೆ ಲೋಟಕ್ಕೆ ಕೈಚಾಚುವನು.

ಹಾಗಾದರೆ ಕೇಡು ಮಾಡದ ಪಾನೀಯವನ್ನು ಬಿಡುವುದು ವ್ಯರ್ಥವೇ? ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ, ಯೋಗ್ಯವಾದ ವಿಷಯದಿಂದಲೂ ಸಂಕಲ್ಪಪೂರ್ವಕವಾಗಿ ವಿರಮಿಸುವುದನ್ನೇ ವ್ರತವೆಂದಿದ್ದಾರೆ. ಕೇಡನ್ನು ಬಿಡುವುದು ವಿವೇಕ. ಹಿತವಾದುದರ ಮೇಲಣ ರಾಗವನ್ನು ಬಿಡುವುದು ವ್ರತ.

ಆ ರಾಗದ ಬಿಗಿಯನ್ನು ದೇಹವೇ ಸಾರುತ್ತದೆ. ನಿತ್ಯ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಸಾಮಾನ್ಯವಾಗಿ 12ರಿಂದ 24 ಗಂಟೆಗಳಲ್ಲಿ ತಲೆನೋವು ತೊಡಗುವುದು. ನೀರು ಕಡಿಮೆಯಾದ ಆ ಸ್ಥಿತಿಯಲ್ಲಿ ಐಬುಪ್ರೊಫೇನಿನಂತಹ ನೋವಿನ ಗುಳಿಗೆಯನ್ನು ನುಂಗಿದರೆ ಮೂತ್ರಪಿಂಡಗಳಿಗೆ ಹರಿಯುವ ರಕ್ತವು ತಗ್ಗಿ, ಅವುಗಳಿಗೆ ಅಪಾಯವುಂಟಾಗಬಹುದು. ಕಾಫಿ ಮಾಡದಿದ್ದ ಕೇಡನ್ನು ಅವಿಚಾರದ ತ್ಯಾಗವು ಮಾಡಿಸಿದಂತಾಯಿತು!

ಆದುದರಿಂದ ಪರ್ವಕ್ಕೆ ಒಂದೆರಡು ವಾರ ಮೊದಲೇ ಅಳತೆಯನ್ನು ದಿನದಿನಕ್ಕೆ ತಗ್ಗಿಸುತ್ತ ಬರುವುದು ಲೇಸು. ಮೂತ್ರಪಿಂಡದ ರೋಗವುಳ್ಳವರು ನಿರ್ಜಲ ಉಪವಾಸಕ್ಕೆ ಹಟ ಹಿಡಿಯಬಾರದು. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗವನ್ನೂ ತಪವನ್ನೂ ಶಕ್ತಿಗನುಸಾರವಾಗಿಯೇ ವಿಧಿಸಲಾಗಿದೆ. ತನ್ನ ಶಕ್ತಿಯನ್ನರಿತು, ಸುಳ್ಳು ಭಯದ ಊರುಗೋಲಿಲ್ಲದೆ, ಆತ್ಮಹಿತಕ್ಕಾಗಿ ಲೋಟವನ್ನು ಬದಿಗಿರಿಸುವವನ ನಿಯಮವು ಪರ್ವವು ಮುಗಿದ ಮೇಲೂ ಅವನನ್ನು ಕಾಯುವುದು.