ನನ್ನ ಸಾಕ್ಷಿಯಲ್ಲಿ ಇಲ್ಲದ ಹುಡುಗ

ನೀವು ಒಂದು ತಪ್ಪು ಮಾಡುವುದರಲ್ಲಿದ್ದಿರಿ, ಕೊನೇ ಗಳಿಗೆಯಲ್ಲಿ ಹೇಗೋ ಮಾಡಲಿಲ್ಲ. ಆಮೇಲೆ ಅದನ್ನು ನಾಲ್ಕು ಜನರ ಮುಂದೆ ಹೇಳಿಕೊಂಡಿರಿ. ಹೇಳುವಾಗ ಸ್ವಲ್ಪ ಚೆಂದ ಮಾಡಿ ಹೇಳಿದಿರಿ. ಈಗ ನೀವು ಗೆದ್ದ ಹಾಗೋ, ಸೋತ ಹಾಗೋ? ಎರಡು ವರ್ಷದಿಂದ ಈ ಪ್ರಶ್ನೆ ನನ್ನ ಜೊತೆಗಿದೆ.

ನಾನಿರುವುದು ಅಬ್ಬಿಗೆರೆಯಲ್ಲಿ. ಜಾಲಹಳ್ಳಿ ಕಡೆಯಿಂದ ಗಂಗಮ್ಮನ ಗುಡಿ ದಾಟಿ ಬಂದರೆ ಮನೆಗಳ ನಡುನಡುವೆ ಶೆಡ್‌ಗಳು ಸಿಗುತ್ತವಲ್ಲ, ಅಂಥ ಒಂದು ಶೆಡ್‌ನಲ್ಲಿ ಆಗ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದೆ. 1953ರಲ್ಲಿ ಸ್ಥಾಪನೆಯಾದ ಎಚ್‌ಎಂಟಿ ಇದ್ದ ನೆರೆ ಇದು. ಲೇತಿನ ಸದ್ದು ಇಲ್ಲಿನವರಿಗೆ ಜೋಗುಳ ಇದ್ದ ಹಾಗೆ.

ನನ್ನ ಕೆಲಸದ ಮುಖ್ಯ ಆಯುಧ ಪ್ಲಗ್ ಗೇಜ್. ಎರಡು ತುದಿಯ ಉಕ್ಕಿನ ಕಡ್ಡಿ. ಒಂದು ತುದಿ ‘ಗೋ’, ಅದು ತೂತಿನೊಳಗೆ ಹೋಗಬೇಕು. ಇನ್ನೊಂದು ‘ನೋ-ಗೋ’, ಅದು ಹೋಗಬಾರದು. ಹೋದರೆ ತೂತು ದೊಡ್ಡದಾಗಿದೆ, ಪೀಸ್ ರಿಜೆಕ್ಟ್. ವಾದ ಮಾಡೋಕೆ ಜಾಗವೇ ಇಲ್ಲ.

ಆವತ್ತು ಮಾರ್ಚ್ ಕೊನೆ. 400 ಬುಷ್ ಹೋಗಬೇಕಿತ್ತು. ತೂತು 20 ಮಿ.ಮೀ., 20.021ರ ಮೇಲೆ ಹೋಗುವ ಹಾಗಿಲ್ಲ. ಕೈಗೆ ಸಿಕ್ಕ ಹದಿನೈದರಲ್ಲಿ ಮೂರಕ್ಕೆ ನೋ-ಗೋ ಸಲೀಸಾಗಿ ಇಳಿಯಿತು. ಹೊರಗೆ ಟೆಂಪೋ ನಿಂತಿದೆ. ಓನರ್ ಬಂದು, “ಸೈನ್ ಹಾಕಿ ಕಳಿಸ್ರೀ, ಅಲ್ಲಿ ಯಾರು ಒಂದೊಂದೇ ನೋಡ್ತಾ ಕೂರ್ತಾರೆ?” ಅಂದರು. ನನಗೆ ಮನೆ ಬಾಡಿಗೆ ನೆನಪಾಯಿತು. ಪೆನ್ನು ತೆಗೆದೆ.

ಆಗ ಪ್ಯಾಕಿಂಗ್ ಮಾಡುತ್ತಿದ್ದ ರಾಯಚೂರು ಕಡೆಯ ಹುಡುಗ, ಎಲ್ಲರಿಗೂ ಕೇಳುವ ಹಾಗೆ, “ಸರ್, ಇದ್ರಾಗ ನೋ-ಗೋ ಒಳಗ ಹೊಂಟೈತಲ್ರೀ, ಹಿಂಗ ಪ್ಯಾಕ್ ಮಾಡ್ಲೇನ್ರಿ?” ಅಂದ. ಟೆಂಪೋ ಡ್ರೈವರ್ ಕೂಡ ಈ ಕಡೆ ತಿರುಗಿದ. ನಾನು ಪೆನ್ನು ಕೆಳಗಿಟ್ಟೆ. ಧೈರ್ಯದಿಂದಲ್ಲ, ನಾಚಿಕೆಯಿಂದ. ಮಾಲು ನಿಂತಿತು. ಅಷ್ಟನ್ನೂ ಒಂದೊಂದಾಗಿ ನೋಡಿ ಬೇರೆ ಮಾಡುವಷ್ಟರಲ್ಲಿ ಬೆಳಗಾಯಿತು.

ಆಗ ಲೆಂಟ್ ನಡೆಯುತ್ತಿತ್ತು. ಗೊತ್ತಿಲ್ಲದವರಿಗೆ ಹೇಳುವುದಾದರೆ, ಬೂದಿ ಬುಧವಾರದಿಂದ ಈಸ್ಟರ್‌ವರೆಗಿನ ನಲವತ್ತು ದಿನದ ಉಪವಾಸ ಕಾಲ ಅದು. ಭಾನುವಾರಗಳನ್ನು ಲೆಕ್ಕಕ್ಕೆ ಹಿಡಿಯಲ್ಲ, ಹಿಡಿದರೆ 46 ದಿನ. ಯೇಸು ಅಡವಿಯಲ್ಲಿ ನಲವತ್ತು ದಿನ ಉಪವಾಸವಿದ್ದು ಶೋಧನೆಗೆ ಒಳಗಾದ ನೆನಪಿಗೆ. ನಮ್ಮಲ್ಲಿ ಆ ದಿನಗಳಲ್ಲಿ ಮನೆಮನೆಯಲ್ಲಿ ಪ್ರಾರ್ಥನಾ ಕೂಟ ಇರುತ್ತೆ. ಹಾಡು, ವಾಕ್ಯ, ಆಮೇಲೆ ‘ಸಾಕ್ಷಿ’: ದೇವರು ತನ್ನ ಬದುಕಿನಲ್ಲಿ ಏನು ಮಾಡಿದ ಅಂತ ಯಾರಾದರೂ ಎದ್ದು ಹೇಳಬೇಕು.

ಆ ವಾರ ನಾನು ಎದ್ದೆ. ಓನರ್ ಒತ್ತಾಯ ಮಾಡಿದ್ದು, ಬಾಡಿಗೆ ನೆನಪಾಗಿದ್ದು, ಕೊನೆಗೆ ಪೆನ್ನು ಕೆಳಗಿಟ್ಟಿದ್ದು ಎಲ್ಲ ಹೇಳಿದೆ. ಒಂದು ಮಾತೂ ಸುಳ್ಳಲ್ಲ. ಹುಡುಗನನ್ನು ಮಾತ್ರ ಬಿಟ್ಟೆ. “ಆಮೆನ್” ಅಂದರು. ಅಯ್ಯನವರು ಯುವಜನರ ಕೂಟದಲ್ಲೂ ಹೇಳಪ್ಪ ಅಂದರು. ಎರಡನೇ ಸಲ ಇನ್ನೂ ಚೆನ್ನಾಗಿ ಬಂತು. ಮೂರನೇ ಸಲ ಓನರ್‌ಗೆ ನಾನು ಕೊಟ್ಟ ಉತ್ತರವೂ ಅದರಲ್ಲಿ ಸೇರಿಕೊಂಡಿತ್ತು. ನಾನು ಯಾವ ಉತ್ತರವನ್ನೂ ಕೊಟ್ಟಿರಲಿಲ್ಲ.

ಮುಂದಿನ ತಿಂಗಳು ಹುಡುಗನನ್ನು ಕೆಲಸದಿಂದ ತೆಗೆದರು. “ಬಾಯಿ ಜಾಸ್ತಿ” ಅನ್ನೋದು ಕಾರಣ. ನಾನು ಅಲ್ಲೇ ಇದ್ದೆ, ಏನೂ ಮಾತಾಡಲಿಲ್ಲ. ಅವನ ಕೆಲಸ ಹೋಯಿತು, ನನಗೆ ಸಾಕ್ಷಿ ಸಿಕ್ಕಿತು.

ಶೋಧನೆ ಅಂದ ತಕ್ಷಣ ನಮಗೆ ದುಡ್ಡು, ಕುಡಿತ, ಹೆಣ್ಣು-ಗಂಡಿನ ವಿಷಯ ನೆನಪಾಗುತ್ತೆ. ಅಡವಿಯ ಕಥೆಯನ್ನು ನಿಧಾನಕ್ಕೆ ಓದಿದರೆ ಬೇರೆಯೇ ಒಂದು ವಿಷಯ ಕಾಣುತ್ತೆ. ಅಲ್ಲಿ ಮೂರು ಶೋಧನೆಗಳಿವೆ: ಕಲ್ಲನ್ನು ರೊಟ್ಟಿ ಮಾಡೋದು, ಲೋಕದ ರಾಜ್ಯಗಳನ್ನೆಲ್ಲ ಪಡೆಯೋದು, ದೇವಾಲಯದ ತುದಿಯಿಂದ ಧುಮುಕೋದು. ಮತ್ತಾಯ ಧುಮುಕುವುದನ್ನು ಎರಡನೆಯದಾಗಿ ಹೇಳಿದರೆ, ಲೂಕ ಅದನ್ನು ಕೊನೆಗೆ ಇಟ್ಟಿದ್ದಾನೆ. ನನಗೆ ಲೂಕನ ಕ್ರಮವೇ ಸರಿ ಅನಿಸುತ್ತೆ. ಹಸಿವು ಗೆದ್ದಾಯಿತು, ಅಧಿಕಾರದಾಸೆ ಗೆದ್ದಾಯಿತು. ಕೊನೆಗೆ ಉಳಿಯೋದು, ನಾನು ಎಂಥ ಭಕ್ತ ಅಂತ ಎತ್ತರದ ಜಾಗದಲ್ಲಿ ನಿಂತು ತೋರಿಸುವ ಆಸೆ. ಸೈತಾನ ಕೀರ್ತನೆಯ ಮಾತನ್ನು ಎತ್ತಿ ಹೇಳೋದೂ ಇಲ್ಲೇ. ನನ್ನ ಸಾಕ್ಷಿಯಲ್ಲೂ ಎರಡು ವಚನಗಳಿದ್ದವು.

ಹಾಗಾದರೆ ಬಾಯಿ ಮುಚ್ಚಿಕೊಂಡು ಇರೋದೇ ವಾಸಿಯಾ? ಅಷ್ಟು ಸುಲಭ ಇಲ್ಲ. ಬೆಟ್ಟದ ಮೇಲಿನ ಪ್ರಸಂಗದಲ್ಲಿ ಯೇಸು ದೀಪವನ್ನು ಮುಚ್ಚಿಡಬೇಡಿ ಅನ್ನುತ್ತಾನೆ. ಅದೇ ಪ್ರಸಂಗದಲ್ಲಿ, ದಾನ ಕೊಡುವಾಗ ತುತ್ತೂರಿ ಊದಿಸಬೇಡಿ ಅಂತಲೂ ಅನ್ನುತ್ತಾನೆ. ಅಲ್ಲಿ ‘ಕಪಟಿ’ ಅಂತ ಬರುವ ಪದ ಗ್ರೀಕಿನಲ್ಲಿ ನಾಟಕದ ಪಾತ್ರಧಾರಿಗೂ ಇದ್ದ ಹೆಸರು. ಪಾತ್ರಧಾರಿ ಹೇಳೋದೆಲ್ಲ ಸುಳ್ಳು ಅಂತಲ್ಲ, ಬೆಳಕು ಅವನ ಮುಖದ ಮೇಲೇ ಬೀಳಬೇಕು ಅಷ್ಟೆ. ದೀಪ ಹಚ್ಚೋದು ಕೋಣೆಯಲ್ಲಿ ಇರುವುದೆಲ್ಲ ಕಾಣಲಿ ಅಂತ. ನನ್ನ ದೀಪದಲ್ಲಿ ನಾನೊಬ್ಬನೇ ಕಂಡೆ, ಮೂಲೆಯಲ್ಲಿ ಕೂತು ಪ್ಯಾಕ್ ಮಾಡುತ್ತಿದ್ದ ಹುಡುಗ ಕತ್ತಲಲ್ಲೇ ಉಳಿದ.

ಇಂಥ ಹೊತ್ತಲ್ಲಿ ನನಗೆ ನೆನಪಾಗೋದು ಪೇತ್ರ. ಯೇಸುವನ್ನು ಹಿಡಿದ ರಾತ್ರಿ, ಬೆಂಕಿ ಕಾಯಿಸುತ್ತಾ, ಅವನು ಯಾರೋ ನನಗೆ ಗೊತ್ತಿಲ್ಲ ಅಂತ ಮೂರು ಸಲ ಅಂದವನು. ನಾಲ್ಕೂ ಸುವಾರ್ತೆಗಳಲ್ಲಿ ಈ ಪ್ರಸಂಗ ಇದೆ. ಸಭೆಯ ದೊಡ್ಡ ನಾಯಕ ಅವನು, ಬೇಕಾಗಿದ್ದರೆ ಇದನ್ನು ಅಳಿಸಿಹಾಕಬಹುದಿತ್ತು. ಪೇತ್ರನ ಬಾಯಿಂದ ಕೇಳಿದ್ದನ್ನೇ ಮಾರ್ಕ ಬರೆದ ಅನ್ನೋದು ಸಭೆಯ ತುಂಬಾ ಹಳೆಯ ನಂಬಿಕೆ. ಅದು ನಿಜವಾದರೆ, ತಾನು ಸೋತ ಕಥೆಯನ್ನು ಪೇತ್ರನೇ ಊರೂರಲ್ಲಿ ಹೇಳಿಕೊಂಡು ತಿರುಗಿರಬೇಕು. ಹೇಳಿದವನ ಮರ್ಯಾದೆಯನ್ನು ಸ್ವಲ್ಪವೂ ಖರ್ಚು ಮಾಡಿಸದ ಸಾಕ್ಷಿಯನ್ನು ನಾನೀಗ ಎರಡು ಸಲ ಯೋಚಿಸಿ ನಂಬುತ್ತೇನೆ, ಅದರಲ್ಲೂ ನನ್ನದೇ ಆದರೆ.

ಗೇಜಿನ ಬಗ್ಗೆ ಒಂದು ಮಾತು ಬಾಕಿ ಇದೆ. ‘ಗೋ’ ತುದಿ ಬಳಸಿ ಬಳಸಿ ಸವೆಯುತ್ತೆ. ಸವೆದ ಗೇಜು, ಪಾಸಾಗಬಾರದಷ್ಟು ಚಿಕ್ಕ ತೂತನ್ನೂ ಪಾಸ್ ಮಾಡುತ್ತೆ. ಅದಕ್ಕೇ ಅದನ್ನು ಆಗಾಗ ಕ್ಯಾಲಿಬ್ರೇಷನ್‌ಗೆ ಕಳಿಸಬೇಕು. ತಾನು ಸವೆದಿದ್ದೇನೆ ಅಂತ ಗೇಜಿಗೆ ತಾನಾಗಿ ಗೊತ್ತಾಗಲ್ಲ, ಬೇರೆ ಯಾರಾದರೂ ಅಳೆದು ಹೇಳಬೇಕು. ಆವತ್ತು ನನ್ನನ್ನು ಅಳೆದವನು ಆ ಹುಡುಗ. ಅವನು ಚರ್ಚಿಗೆ ಬಂದವನಲ್ಲ, ಶೋಧನೆ ಅನ್ನೋ ಪದದ ಗೊಡವೆಯೂ ಅವನಿಗಿರಲಿಲ್ಲ. ತೂತು ದೊಡ್ಡದಾಗಿದೆ ಅಂತ ಕಂಡಿತು, ಹೇಳಿದ.

ಈ ವರ್ಷದ ಲೆಂಟ್ ಕೂಟದಲ್ಲಿ ಮತ್ತೆ ಎದ್ದು ನಿಂತು, ಬಿಟ್ಟಿದ್ದನ್ನೆಲ್ಲ ಸೇರಿಸಿ ಹೇಳಿದೆ. ಈ ಸಲ ಯಾರೂ ಆಮೆನ್ ಅನ್ನಲಿಲ್ಲ. ಒಬ್ಬ ಆಂಟಿ ತಟ್ಟೆಗೆ ಎರಡು ಬಿಸ್ಕತ್ತು ಜಾಸ್ತಿ ಹಾಕಿ, “ಆ ಹುಡುಗ ಈಗ ಎಲ್ಲಿದ್ದಾನೆ?” ಅಂದರು. ಗೊತ್ತಿಲ್ಲ ಆಂಟಿ ಅಂದೆ. ಅಂದ ಮೇಲೆ ಅದೇ ಮಾತು ಕಿವಿಯಲ್ಲಿ ಉಳಿಯಿತು. ಪೇತ್ರ ಅಂದಿದ್ದೂ ಹೆಚ್ಚುಕಮ್ಮಿ ಅದನ್ನೇ ಅಲ್ಲವಾ.

ಅವರಿವರನ್ನು ಕೇಳಿ ನಂಬರ್ ಹುಡುಕಿದೆ. ಈಗ ಪೀಣ್ಯದಲ್ಲಿ ಕೆಲಸ ಮಾಡುತ್ತಿದ್ದಾನೆ. ಫೋನಿನಲ್ಲಿ ಎಲ್ಲ ಹೇಳಿ, ತಪ್ಪಾಯಿತು ಕಣಪ್ಪ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಹಿಂದೆ ಮಿಷಿನ್ ಓಡುವ ಸದ್ದು ಕೇಳುತ್ತಿತ್ತು.

“ಈಗ ಚರ್ಚಿನ್ಯಾಗ ಹೇಳೀರಿ, ಚಲೋ ಆತು ಬಿಡ್ರಿ,” ಅಂದ. “ಆದ್ರ ಆವತ್ತ ಓನರ್ ಮುಂದ ಹೇಳ್ಬೇಕಿತ್ರೀ ಸರ್.”